ಎಸ್ಪ್ರೆಸ್ಸೊ ಮಿಷನ್ ಆಮೇಲೆ, ಬೀಸೋದು ಮೊದಲು

ಮನೆಗೆ ಎಸ್ಪ್ರೆಸ್ಸೊ ಮಿಷನ್ ತಂದವರಲ್ಲಿ ಹೆಚ್ಚಿನವರು ಮೊದಲ ವಾರ ಕುಡಿಯುವುದು ಕಂದು ಬಣ್ಣದ ಬಿಸಿನೀರು. 25ರಿಂದ 30 ಸೆಕೆಂಡು ಹಿಡಿದು ಸಣ್ಣ ಎಳೆಯಾಗಿ ಇಳಿಯಬೇಕಾದ್ದು ಎಂಟೇ ಸೆಕೆಂಡಿನಲ್ಲಿ ಭರ್ರನೆ ಸುರಿದು ಮುಗಿದಿರುತ್ತದೆ. ಬಾಯಿಗಿಟ್ಟರೆ ಹುಳಿ, ನೀರುನೀರು. ಆಗ ಬೈಸಿಕೊಳ್ಳುವುದು ಮಿಷನ್. ಇನ್ನೂ ದೊಡ್ಡದು ತರಬೇಕಿತ್ತು ಅಂತ ಒಬ್ಬರು, ದುಡ್ಡು ದಂಡ ಅಂತ ಇನ್ನೊಬ್ಬರು. ಪಾಪದ ಮಿಷನ್ನಿನದು ಏನೂ ತಪ್ಪಿರುವುದಿಲ್ಲ. ಅದು ನೀರು ಕಾಯಿಸಿ ಒತ್ತಡದಲ್ಲಿ ದಬ್ಬಿದೆ. ಆ ನೀರನ್ನು ತಡೆದು ನಿಲ್ಲಿಸಬೇಕಾಗಿದ್ದುದು ಪುಡಿ, ಅದು ನಿಲ್ಲಿಸಿಲ್ಲ.

ತ್ಯಾವಣಿಗೆಯಂಥ ಊರಿನಲ್ಲಿ ಕೂತು ಎಸ್ಪ್ರೆಸ್ಸೊ ಮಾತಾಡುವುದೇ ತಮಾಷೆ ಎನ್ನುವವರು ಇದ್ದಾರೆ. ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ದಾರಿಯ ಈ ಸೀಮೆ ಭತ್ತದ ಗದ್ದೆ, ಅಡಿಕೆ ತೋಟದ್ದು. ಮಂಡಕ್ಕಿ–ಮಿರ್ಚಿ ತಿಂದ ಮೇಲೆ ಇಲ್ಲಿ ಕೈ ಹೋಗುವುದು ಚಾ ಲೋಟಕ್ಕೆ. ಆದರೆ ಈ ಗದ್ದೆ, ತೋಟಗಳಿಗೆ ನಾಲೆಯಲ್ಲಿ ಬರುವ ನೀರು ಯಾವ ದಾರಿಯಲ್ಲಿ ಬಂತು ನೋಡಿ. ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರಿನ ಕಾಫಿ ತೋಟಗಳ ನಡುವೆ ಹರಿದು, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ನಾಲೆಗೆ ಇಳಿಯುತ್ತಾಳೆ. ಅದೇ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದದ್ದು ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ದೇಶದ ಕಾಫಿಯ ಸುಮಾರು 70 ಭಾಗ ಬೆಳೆಯುವ ರಾಜ್ಯದಲ್ಲಿ, ಆ ತೋಟಗಳ ಕೆಳದಂಡೆಯಲ್ಲಿ ನಾವಿದ್ದೇವೆ. ಹೀಗಾಗಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೋ ಸೊಸೆಯೋ ಹಬ್ಬಕ್ಕೆ ಬರುವಾಗ ಒಂದು ಎಸ್ಪ್ರೆಸ್ಸೊ ಮಿಷನ್ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟರೆ ನಗುವಂಥದ್ದೇನಿಲ್ಲ. ನಗು ಬರುವುದು ಅದರ ಜೊತೆ ಗ್ರೈಂಡರ್ ತರದೇ ಬಂದಾಗ.

ಫಿಲ್ಟರ್ ಕಾಫಿ ಮಾಡಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಪುಡಿ ತೀರಾ ನುಣ್ಣಗಿದ್ದ ದಿನ ಡಿಕಾಕ್ಷನ್ ಇಳಿಯುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಂಡು ಕೂರುತ್ತದೆ, ಮೇಲಿನ ಬಟ್ಟಲನ್ನು ಚಮಚದಲ್ಲಿ ಬಡಿಯಬೇಕು. ತರಿಯಾಗಿದ್ದ ದಿನ ಸರ್ರನೆ ಇಳಿದು ತೆಳ್ಳಗಾಗುತ್ತದೆ. ಅಲ್ಲಿ ನೀರನ್ನು ಕೆಳಕ್ಕೆ ಎಳೆಯುವುದು ಅದರ ತೂಕ ಮಾತ್ರ. ಅರ್ಧ ಗಂಟೆ ತಡವಾದರೂ ಡಿಕಾಕ್ಷನ್ ಡಿಕಾಕ್ಷನ್ನೇ. ಎಸ್ಪ್ರೆಸ್ಸೊದಲ್ಲಿ ಅದೇ ನೀರಿನ ಹಿಂದೆ 9 ಬಾರ್ ಒತ್ತಡ ಇರುತ್ತದೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು. ಅದನ್ನು ಅರ್ಧ ನಿಮಿಷ ತಡೆದು ಹಿಡಿಯುವ ಕೆಲಸ 18 ಗ್ರಾಂ ಪುಡಿಯದು. ಪುಡಿಯ ಹಾಸಿನೊಳಗೆ ನೀರು ಹರಿಯುವ ವೇಗ, ಲೆಕ್ಕದ ಪ್ರಕಾರ, ಕಾಳಿನ ಗಾತ್ರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಾಳು ಎರಡು ಪಟ್ಟು ದಪ್ಪಗಾದರೆ ಹರಿವು ನಾಲ್ಕು ಪಟ್ಟು. ಹತ್ತಕ್ಕೆ ಒಂದು ಪಾಲು ದಪ್ಪಗಾದರೂ ಹರಿವು ಐದರಲ್ಲಿ ಒಂದು ಪಾಲು ಜಾಸ್ತಿ. ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ವ್ಯತ್ಯಾಸ ಲೋಟದಲ್ಲಿ ರುಚಿಯಾಗಿ ಸಿಗುತ್ತದೆ. ಎಸ್ಪ್ರೆಸ್ಸೊ ಗ್ರೈಂಡರಿಗೆ ದುಬಾರಿ ಬೆಲೆ ಯಾಕೆ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಇಲ್ಲ: ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಬಿಗಿ–ಸಡಿಲ ಮಾಡುವ ಶಕ್ತಿ ಅದಕ್ಕಿರಬೇಕು.

ಹಾಗಾದರೆ ಕಾಫಿ ವರ್ಕ್ಸ್‌ನವರ ಹತ್ತಿರವೇ ನುಣ್ಣಗೆ ಪುಡಿ ಮಾಡಿಸಿಕೊಂಡರಾಯಿತಲ್ಲ? ಮೊದಲು ಎಲ್ಲರಿಗೂ ಹೊಳೆಯುವುದು ಇದೇ. ನಮ್ಮ ಊರುಗಳ ಕಾಫಿ ವರ್ಕ್ಸ್ ಬಗ್ಗೆ ನನಗೆ ಗೌರವ ಇದೆ. ಕಣ್ಣೆದುರೇ ಹುರಿದ ಬೀಜ ಸುರಿದು, ಪುಡಿ ಮಾಡಿ, ಬಿಸಿ ಆರುವ ಮೊದಲೇ ಪೊಟ್ಟಣ ಕಟ್ಟಿ ಕೊಡುವ ವ್ಯಾಪಾರ ಎಲ್ಲ ಕಡೆ ಉಳಿದಿಲ್ಲ. ಆದರೆ ಎಸ್ಪ್ರೆಸ್ಸೊಗೆ ಅವರಿಂದ ಆಗದ ಕೆಲಸ ಒಂದಿದೆ. ಇವತ್ತಿನ ಬೀಜಕ್ಕೆ, ಇವತ್ತಿನ ಹವೆಗೆ, ನಿಮ್ಮ ಮಿಷನ್ನಿಗೆ ಎಷ್ಟು ನುಣ್ಣಗೆ ಬೇಕು ಎಂಬುದು ಗೊತ್ತಾಗುವುದು ಒಂದು ಸಲ ಇಳಿಸಿ ನೋಡಿದ ಮೇಲೆ. ಕಾಲು ಕೆಜಿ ಪುಡಿ ಮಾಡಿಸಿ ತಂದ ಮೇಲೆ ಸ್ವಲ್ಪ ತರಿಯಾಯಿತು ಅಂತ ಗೊತ್ತಾದರೆ ಅದನ್ನು ತಿದ್ದುವ ಉಪಾಯ ಇಲ್ಲ. ಜೊತೆಗೆ ಪುಡಿಯಾದ ಕಾಫಿ ಬೇಗ ಸಪ್ಪೆಯಾಗುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಘಮ, ಅನಿಲ ಎರಡೂ ಬೇಗ ಹಾರಿಹೋಗುತ್ತವೆ. ಆ ಅನಿಲ ಹೋದರೆ ಎಸ್ಪ್ರೆಸ್ಸೊ ಮೇಲಿನ ಕೆನೆನೊರೆಯೂ ಹೋಯಿತು.

ಇನ್ನು ಚಿಕೋರಿ. ನಮ್ಮ ಕಾನೂನು ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಭಾಗ ಮೀರಬಾರದು ಎನ್ನುತ್ತದೆ. ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆಯಲೇಬೇಕು. ಫಿಲ್ಟರಿನಲ್ಲಿ ಚಿಕೋರಿಗೆ ಅದರದೇ ಕೆಲಸ ಇದೆ: ಡಿಕಾಕ್ಷನ್ ದಪ್ಪಗಾಗುತ್ತದೆ, ಹಾಲಿನ ಜೊತೆ ಬಣ್ಣ ಬರುತ್ತದೆ. ಒತ್ತಡದ ನೀರು ತಗುಲಿದರೆ ಅದೇ ಚಿಕೋರಿ ಅಂಟಾಗಿ ಜಾಲರಿ ಕಟ್ಟಿಸುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ್ದು ಪುಡಿಯನ್ನಲ್ಲ: “ಹುರಿದ ಬೀಜ ಹಂಗೇ ಕೊಡಿ, ಚಿಕೋರಿ ಬೇಡ.” ಮೊದಲ ಸಲ ಕೇಳಿದರೆ ಅಂಗಡಿಯವರು ಒಮ್ಮೆ ಮುಖ ನೋಡಬಹುದು, ಅಷ್ಟೇ.

ಬೀಜ ತಂದಾಯಿತು, ಮನೆಯಲ್ಲಿ ಮಿಕ್ಸಿ ಇದೆ. ಚಟ್ನಿಪುಡಿ, ಸಾರಿನಪುಡಿ, ಶೇಂಗಾಪುಡಿ ಎಲ್ಲ ಮಾಡುವ ಮಿಕ್ಸಿ ಕಾಫಿಯೊಂದನ್ನು ಮಾಡದೇ ಇದ್ದೀತೇ? ಮಾಡುತ್ತದೆ, ಆದರೆ ಅದು ಬೀಸುವುದಲ್ಲ, ಹೊಡೆಯುವುದು. ಬ್ಲೇಡಿಗೆ ಸಿಕ್ಕಿದ ಕಾಳು ಹಿಟ್ಟಾಗುತ್ತದೆ, ಸಿಗದೆ ಗೋಡೆ ಹಿಡಿದು ಸುತ್ತಿದ ಕಾಳು ನುಚ್ಚಾಗಿ ಉಳಿಯುತ್ತದೆ. ಆ ಮಿಶ್ರಣದ ಮೇಲೆ 9 ಬಾರ್ ನೀರು ಬಿದ್ದರೆ ನುಚ್ಚು ಇರುವ ಕಡೆ ಸಂದಿ ಹುಡುಕಿಕೊಂಡು ನುಗ್ಗುತ್ತದೆ. ಹಿಟ್ಟಿರುವ ಕಡೆ ಮುದ್ದೆ ಕಟ್ಟುತ್ತದೆ. ಒಂದೇ ಗುಟುಕಿನಲ್ಲಿ ಹುಳಿಯೂ ಕಹಿಯೂ ಸಿಗುತ್ತದಲ್ಲ, ಅದು ಇದರ ಫಲ. ಬ್ಲೇಡ್ ಇರುವ ಪುಟ್ಟ ‘ಕಾಫಿ ಗ್ರೈಂಡರ್’ ಅಂತ ಸಾವಿರ ರೂಪಾಯಿಯ ಒಳಗೆ ಮಾರುವುದೂ ಮಿಕ್ಸಿಯ ಮರಿಯೇ.

ಬೇಕಾದ್ದು ಬೀಸುವ ಸಾಧನ. ಇದನ್ನು ತ್ಯಾವಣಿಗೆಯವರಿಗೆ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ. ಹಿಟ್ಟಿನ ಗಿರಣಿಗೆ ಹೋದವರೆಲ್ಲ ನೋಡಿದ್ದಾರೆ. ಎರಡು ಕಲ್ಲು, ಒಂದು ನಿಂತದ್ದು, ಒಂದು ತಿರುಗುವುದು. ನಡುವಿನ ಸಂದಿಯನ್ನು ಚಕ್ರ ತಿರುವಿ ಬಿಗಿ ಮಾಡಿದರೆ ರೊಟ್ಟಿಗೆ ನುಣುಪು ಹಿಟ್ಟು, ಸಡಿಲ ಬಿಟ್ಟರೆ ರವೆ. ಕಲ್ಲಿನ ಹಲ್ಲು ಸವೆದಾಗ ಕಟೆಯಬೇಕು, ಇಲ್ಲದಿದ್ದರೆ ಹಿಟ್ಟು ಸುಡುಸುಡು ಬೀಳುತ್ತದೆ. ಎರಡೂ ಕಲ್ಲು ಸಮ ಕೂರದೆ ಒಂದು ಕಡೆ ವಾಲಿದ್ದರೆ ಒಂದೇ ಚೀಲದಲ್ಲಿ ನುಣುಪೂ ತರಿಯೂ ಬರುತ್ತದೆ. ಈ ನಾಲ್ಕು ಸಂಗತಿ — ಸಂದಿ, ಹಲ್ಲು, ಬಿಸಿ, ಸಮ ಕೂರುವುದು — ಕಾಫಿ ಗ್ರೈಂಡರಿನಲ್ಲೂ ಇಷ್ಟೇ. ಕಲ್ಲಿನ ಬದಲು ಹಲ್ಲು ಕೊರೆದ ಉಕ್ಕಿನ ಎರಡು ಬಿಲ್ಲೆ. ಮಾರುವವರು ಅದನ್ನು ಬರ್ ಎನ್ನುತ್ತಾರೆ. ಹಿಂದೆ ಮೈಸೂರು ಸೀಮೆ, ಮಲೆನಾಡಿನ ಮನೆಗಳಲ್ಲಿ ಹಲಗೆಗೆ ಕಚ್ಚಿಸಿ ತಿರುವುತ್ತಿದ್ದ ಕಬ್ಬಿಣದ ಕಾಫಿ ಬೀಸುವ ಮಿಷನ್ ಕೂಡ ಇದೇ ಜಾತಿ. ಅಟ್ಟದಲ್ಲಿ ಅಂಥದ್ದು ಸಿಕ್ಕರೆ ಚೊಕ್ಕ ಮಾಡಿ ಫಿಲ್ಟರಿಗೆ ಬಳಸಿ. ಎಸ್ಪ್ರೆಸ್ಸೊಗೆ ಅದರ ಅಚ್ಚು ಅಲ್ಲಾಡುತ್ತದೆ, ಸಂದಿ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ.

ಬರ್‌ಗಳಲ್ಲಿ ಎರಡು ಬಗೆ. ಒಂದರ ಮೇಲೊಂದು ಚಪ್ಪಟೆಯಾಗಿ ಕೂರುವ ಬಿಲ್ಲೆಗಳು; ಶಂಕುವಿನಾಕಾರದ ಗುಂಡು ಬಳೆಯೊಳಗೆ ತಿರುಗುವುದು ಇನ್ನೊಂದು. ಚಪ್ಪಟೆ ಬರ್ ಹಣ್ಣಿನ, ಹೂವಿನ ರುಚಿಯನ್ನು ಬಿಡಿಬಿಡಿಯಾಗಿ ಕೊಡುತ್ತದೆ, ಶಂಕು ಮೈಕಟ್ಟು ಕೊಡುತ್ತದೆ ಎಂದು ಈ ಹುಚ್ಚಿನವರು ರಾತ್ರಿಯಿಡೀ ವಾದ ಮಾಡಬಲ್ಲರು. ಅದರಲ್ಲಿ ಸತ್ಯ ಇಲ್ಲ ಎಂದಲ್ಲ. ಆದರೆ ಕೊನೆಗೆ ಅರ್ಧ ಲೋಟ ಹಾಲು ಸೇರಿಸಿ ಕುಡಿಯುವ ಮನೆಗೆ ಆ ವಾದ ಬೇಡ. ನೋಡಬೇಕಾದ್ದು ಸಂದಿಯನ್ನು ಎಷ್ಟು ಸಣ್ಣ ಅಳತೆಯಲ್ಲಿ ಹೆಚ್ಚು–ಕಮ್ಮಿ ಮಾಡಲು ಬರುತ್ತದೆ ಎಂಬುದನ್ನು. ಕೆಲವು ಗ್ರೈಂಡರಿನಲ್ಲಿ ಟಿಕ್ ಟಿಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತದೆ, ಕೆಲವು ಮೆಟ್ಟಿಲಿಲ್ಲದೆ ನುಣ್ಣಗೆ ತಿರುಗುತ್ತವೆ. ಮೆಟ್ಟಿಲಿದ್ದರೆ ಅದು ಚಿಕ್ಕದಿರಬೇಕು. ಜರ್ಮನಿಯ ಕಮಾಂಡಾಂಟೆ ಸಿ40 ಹೆಸರುವಾಸಿ ಕೈಗ್ರೈಂಡರ್, ಅದರ ಒಂದು ಟಿಕ್ ಸುಮಾರು 30 ಮೈಕ್ರಾನ್. ಕಿನ್‌ಗ್ರೈಂಡರ್ ಕೆ6ರಲ್ಲಿ 16. ತೈವಾನಿನ 1ಝಡ್‌ಪ್ರೆಸ್ಸೊ ಕಂಪನಿ ಎಸ್ಪ್ರೆಸ್ಸೊಗೆಂದೇ ಮಾಡುವ ಜೆ ಸಾಲಿನಲ್ಲಿ 8ರ ಆಸುಪಾಸು. ಸಿ40ರಲ್ಲಿ ಒಂದು ಟಿಕ್ ತಿರುವಿದರೆ 20 ಸೆಕೆಂಡಿಗೆ ಇಳಿಯುತ್ತಿದ್ದದ್ದು 40ಕ್ಕೆ ಹಾರಿ, ನಿಮಗೆ ಬೇಕಾದ 28 ನಡುವೆ ಎಲ್ಲೋ ಕಳೆದುಹೋಗಬಹುದು. ಹೆಸರು, ಬೆಲೆ ಎರಡೂ ದೊಡ್ಡದಿದ್ದರೂ ಎಸ್ಪ್ರೆಸ್ಸೊ ಕೆಲಸಕ್ಕೆ ಅದಕ್ಕಿಂತ ಕಮ್ಮಿ ಬೆಲೆಯದು ವಾಸಿ ಆಗುವುದು ಹೀಗೆ.

ಕೊಳ್ಳುವ ಮೊದಲು ಮನೆಯ ಮಿಷನ್ನಿನ ಜಾಲರಿ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ನೂರಾರು ತೂತಿದ್ದು ಹೊರಗಿನ ತಳದಲ್ಲಿ ಒಂದೇ ಪುಟ್ಟ ತೂತಿದ್ದರೆ ಅದು ಎರಡು ಗೋಡೆಯ ಬಟ್ಟಲು. ಹತ್ತು ಸಾವಿರದ ಒಳಗಿನ ಮಿಷನ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ಇದೇ. ಅಲ್ಲಿ ನೀರನ್ನು ತಡೆಯುವುದು ಪುಡಿಯಲ್ಲ, ಆ ಒಂದು ತೂತು. ನೊರೆಯೂ ಅದರದೇ ಕರಾಮತ್ತು. ಅಂಥದ್ದರಲ್ಲಿ ಕಾಫಿ ವರ್ಕ್ಸ್‌ನ ಚಿಕೋರಿ ಇಲ್ಲದ ಪುಡಿಯೇ ನಡೆಯುತ್ತದೆ. ಹದಿನೈದು ಸಾವಿರದ ಗ್ರೈಂಡರ್ ತಂದರೂ ಲೋಟದಲ್ಲಿ ಅಷ್ಟು ಫರಕು ಕಾಣದು. ಒಂದೇ ಗೋಡೆಯ ಬಟ್ಟಲು ಬೇರೆಯಾಗಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಸಿಗದಿದ್ದರೆ ಗ್ರೈಂಡರಿನ ದುಡ್ಡು ಉಳಿಸಿಕೊಳ್ಳಿ.

ಕೈಯದೋ ಕರೆಂಟಿನದೋ ಎಂದರೆ, ಒಂದೆರಡು ಲೋಟದ ಮನೆಗೆ ನನ್ನ ಓಟು ಕೈಗ್ರೈಂಡರಿಗೆ. ಕರೆಂಟಿನದರಲ್ಲಿ ಕೊಟ್ಟ ದುಡ್ಡಿನ ದೊಡ್ಡ ಪಾಲು ಮೋಟಾರಿಗೆ, ಡಬ್ಬಕ್ಕೆ, ಗುಂಡಿಗಳಿಗೆ ಹೋಗುತ್ತದೆ. ಕೈಯದರಲ್ಲಿ ಹೋಗುವುದು ಬರ್‌ಗೆ, ಬೇರಿಂಗಿಗೆ. ಎಂಟರಿಂದ ಹದಿನೈದು ಸಾವಿರದ ಕೈಗ್ರೈಂಡರ್ ಬೀಸುವಷ್ಟು ಚೆನ್ನಾಗಿ ಬೀಸಬೇಕೆಂದರೆ ಕರೆಂಟಿನದಕ್ಕೆ ಅದರ ಎರಡು ಪಟ್ಟಾದರೂ ಬೇಕು. ಒಂದೆರಡು ಸಾವಿರಕ್ಕೆ ಸಿಗುವ, ಪಿಂಗಾಣಿ ಹಲ್ಲಿನ ಕೈಗ್ರೈಂಡರುಗಳನ್ನು ಇದರ ಜೊತೆ ಗಂಟುಹಾಕಬೇಡಿ. ಅವುಗಳ ಅಚ್ಚೂ ಅಲ್ಲಾಡುತ್ತದೆ. ನಮ್ಮ ಹಳ್ಳಿಗಳಲ್ಲಿ ಬೆಳಿಗ್ಗೆ ಕರೆಂಟ್ ಹೋಗುವುದು, ಪಂಪ್‌ಸೆಟ್ ಎಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುವುದು ಹೊಸದಲ್ಲ. ಹಾಗಾದಾಗ ಮೋಟಾರ್ ಬೀಜ ಕಚ್ಚಿಕೊಂಡು ಗುಂಯ್ ಎನ್ನುತ್ತ ನಿಲ್ಲುತ್ತದೆ. (ಕರೆಂಟ್ ಇಲ್ಲದಾಗ ಎಸ್ಪ್ರೆಸ್ಸೊ ಮಿಷನ್ ತಾನೆ ಎಲ್ಲಿ ಓಡೀತು ಎಂದು ಕೇಳಬಹುದು. ನಿಜ. ಆದರೆ ಫಿಲ್ಟರ್ ಇದ್ದೇ ಇದೆಯಲ್ಲ, ಅದಕ್ಕೂ ಪುಡಿ ಬೇಕು.) ಕೈಗ್ರೈಂಡರಿನ ಕಷ್ಟ ಒಂದೇ: 18 ಗ್ರಾಂ ಬೀಜ ಎಸ್ಪ್ರೆಸ್ಸೊ ನುಣುಪಿಗೆ ಬರಬೇಕಾದರೆ ಒಂದು ನಿಮಿಷದ ಮೇಲೆ ತಿರುವಬೇಕು, ತಿಳಿಯಾಗಿ ಹುರಿದ ಬೀಜವಾದರೆ ಮುಂಗೈ ಹಿಡಿಯುತ್ತದೆ. ಮೊಣಕೈ, ಮಣಿಕಟ್ಟಿನ ನೋವಿರುವ ಹಿರಿಯರು ಕುಡಿಯುವ ಮನೆಯಾದರೆ ಕರೆಂಟಿನದೇ ಸರಿ. ಇಟಲಿಯ ಯುರೇಕಾ ಮಿನ್ಯೋನ್, ಬರಾಟ್ಜಾದ ಎನ್‌ಕೋರ್ ಇಎಸ್‌ಪಿ, ಚೀನಾದ ಡಿಎಫ್64 ಮೂರೂ ಮನೆಬಳಕೆಗೆ ಬಂದವು. ಬೆಲೆ ಏರಿಳಿಯುತ್ತಿರುತ್ತದೆ, ಬಿಡಿಭಾಗ ಬೆಂಗಳೂರಿನಲ್ಲಿ ಸಿಗುವುದೇ ಎಂದು ಕೇಳಿಯೇ ಮುಂದುವರಿಯಿರಿ. ಅಮೆರಿಕದಲ್ಲಿರುವ ನೆಂಟರು ‘ಅಲ್ಲಿ ಅಗ್ಗ, ತಂದುಕೊಡ್ತೀವಿ’ ಎಂದರೆ ಕೈಗ್ರೈಂಡರ್ ಮಾತ್ರ ತರಲು ಹೇಳಿ. ಅಲ್ಲಿನ ಕರೆಂಟ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230, 50. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಇಳಿದೀತು, ಹರ್ಟ್ಸ್ ಬದಲಾಗದು.

ಬೀಜದ ಮಾತಿಗೆ ಬಂದರೆ ನಾವು ಪುಣ್ಯವಂತರು. ಭಾರತದ ಕಾಫಿಯ ಅತಿದೊಡ್ಡ ಗಿರಾಕಿ ಇಟಲಿ, ಎಸ್ಪ್ರೆಸ್ಸೊ ಹುಟ್ಟಿದ ನಾಡು. 1884ರಲ್ಲಿ ತುರಿನ್ ಪಟ್ಟಣದ ಆಂಜೆಲೊ ಮೊರಿಯೊಂಡೊ ಉಗಿಯಲ್ಲಿ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ, 1901ರಲ್ಲಿ ಮಿಲಾನಿನ ಲುಯಿಜಿ ಬೆಟ್ಜೆರಾ ಅದನ್ನು ಒಂದೊಂದೇ ಲೋಟಕ್ಕೆ ಒಗ್ಗಿಸಿದ, ಎರಡನೇ ಮಹಾಯುದ್ಧ ಮುಗಿದ ಮೇಲೆ ಆಚಿಲ್ಲೆ ಗಾಜ್ಜಿಯಾ ಹಿಡಿ ಜಗ್ಗುವ ಮಿಷನ್ನಿನಿಂದ ಕೆನೆನೊರೆ ಬರಿಸಿದ. ಆ ನೊರೆಯನ್ನು ದಪ್ಪಗೆ ನಿಲ್ಲಿಸಲು ಇಟಲಿಯವರಿಗೆ ಬೇಕಾದದ್ದು ರೊಬಸ್ಟಾ. ಕೊಡಗು, ಹಾಸನ, ಚಿಕ್ಕಮಗಳೂರಿನಿಂದ ಅದು ಹಡಗು ಹತ್ತುತ್ತದೆ. ನಮ್ಮ ಕಾಫಿ ಅಲ್ಲಿಗೆ ಹೋಗಿ, ಅಲ್ಲಿನ ಗ್ರೈಂಡರ್ ಇಲ್ಲಿಗೆ ಬರುತ್ತಿದೆ. ಕಾಫಿ ವರ್ಕ್ಸ್‌ನಲ್ಲಿ ಪ್ಲಾಂಟೇಷನ್ ಎ ಅಥವಾ ಪೀಬೆರಿ ಮುಕ್ಕಾಲು ಪಾಲು, ಒಳ್ಳೆಯ ರೊಬಸ್ಟಾ ಕಾಲು ಪಾಲು ಬೆರೆಸಿ ಕೇಳಿದರೆ ಮನೆಯ ಎಸ್ಪ್ರೆಸ್ಸೊಗೆ ಒಳ್ಳೆಯ ಶುರು. ಮಧ್ಯಮ ಹುರಿ ಸಾಕು. ಎಣ್ಣೆ ಒಸರುವಷ್ಟು ಕಪ್ಪಗೆ ಹುರಿದ ಬೀಜ ಬರ್‌ಗೆ ಮೆತ್ತಿಕೊಳ್ಳುತ್ತದೆ. ಹುರಿದ ದಿನವೇ ಆತುರ ಬೇಡ, ವಾರದ ಹೊತ್ತಿಗೆ ಒಳಗಿನ ಅನಿಲ ಹದಕ್ಕೆ ಬರುತ್ತದೆ.

ಗ್ರೈಂಡರಿಗೆ ಬೀಜ ಸುರಿಯುವ ಮೊದಲು ತಟ್ಟೆಯಲ್ಲಿ ಹರಡಿ ಆರಿಸಿ. ಅಕ್ಕಿ ಆರಿಸಿದ ಕೈಗೆ ಇದೇನು ದೊಡ್ಡ ಕೆಲಸವಲ್ಲ. ಚೆರಿ ಎಂದು ಮಾರುವ, ಹಣ್ಣಿದ್ದಂತೆಯೇ ಅಂಗಳದಲ್ಲಿ ಒಣಗಿಸಿದ ಕಾಫಿಯಲ್ಲಿ ಆಗೊಂದು ಈಗೊಂದು ಪುಟ್ಟ ಕಲ್ಲು ಉಳಿದಿರುವುದುಂಟು. ಹುರಿದ ಮೇಲೆ ಬಣ್ಣದಲ್ಲೂ ಗುರುತು ಸಿಗುವುದಿಲ್ಲ. ಮಿಕ್ಸಿಗೆ ಅದು ಲೆಕ್ಕಕ್ಕಿಲ್ಲ, ಉಕ್ಕಿನ ಬರ್‌ಗೆ ಒಂದೇ ಕಲ್ಲು ಸಾಕು ಹಲ್ಲು ಮುರಿಯಲು. ಅದೊಂದು ತಪ್ಪಿಸಿಕೊಂಡರೆ ಬರ್ ಸವೆಯುವ ಚಿಂತೆ ಬೇಡ. ದಿನಕ್ಕೆ ಎರಡು ಲೋಟ ಎಂದರೆ ವರ್ಷಕ್ಕೆ ಹದಿಮೂರು ಕೆಜಿ ಬೀಜ, ಒಳ್ಳೆಯ ಉಕ್ಕಿನ ಬರ್ ನೂರಾರು ಕೆಜಿ ಬೀಸುತ್ತದೆ.

ಹದ ಹಿಡಿಯುವಾಗ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ಚಟವೇ ಜನರನ್ನು ಸುಸ್ತು ಮಾಡುವುದು. ಬೀಜ 18 ಗ್ರಾಂ, ಲೋಟಕ್ಕೆ ಇಳಿಯುವುದು 36 ಗ್ರಾಂ ಎಂದು ಕಟ್ಟಿಹಾಕಿ. ತೂಗಲು ಅಕ್ಕಸಾಲಿಗರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಆಮೇಲೆ ತಿರುವುವುದು ಸಂದಿಯೊಂದನ್ನೇ. 25 ಸೆಕೆಂಡಿಗಿಂತ ಬೇಗ ಇಳಿದು ಹುಳಿಯಾದರೆ ಒಂದು ಟಿಕ್ ಬಿಗಿ. ತೊಟ್ಟಿಕ್ಕುತ್ತ ನಿಂತು ಕಹಿಯಾದರೆ ಒಂದು ಟಿಕ್ ಸಡಿಲ. ನುಣುಪಾದಷ್ಟೂ ಗಟ್ಟಿ ಎಂಬುದು ಒಂದು ಹಂತದವರೆಗೆ ಮಾತ್ರ ನಿಜ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕ್ರಿಸ್ಟೋಫರ್ ಹೆಂಡನ್ ಮತ್ತು ಜೊತೆಗಾರರು 2020ರಲ್ಲಿ ತೋರಿಸಿದ್ದು ಇದನ್ನೇ: ಪುಡಿ ತೀರಾ ನುಣ್ಣಗಾದರೆ ಹಾಸಿನ ಕೆಲವು ಭಾಗ ಕಟ್ಟಿಕೊಂಡು ನೀರು ಒಳಗೆ ಹೋಗುವುದೇ ಇಲ್ಲ, ರಸ ಹೆಚ್ಚುವ ಬದಲು ಕಮ್ಮಿಯಾಗುತ್ತದೆ. ಸ್ವಲ್ಪ ತರಿ, ಸ್ವಲ್ಪ ಕಮ್ಮಿ ಪುಡಿ ಇಟ್ಟರೆ ದಿನದಿನವೂ ಒಂದೇ ರುಚಿ ಬರುವುದು ಸುಲಭ. ಕಾಫಿ ಉಳಿತಾಯ ಬೇರೆ.

ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ನಮ್ಮ ಬಯಲಲ್ಲಿ ಇನ್ನೊಂದು ತಂಟೆ ಶುರು. ಪುಡಿ ಡಬ್ಬದ ಗೋಡೆಗೆ, ಕೈಗೆ, ಕಟ್ಟೆಗೆ ಹಾರಿ ಅಂಟುತ್ತದೆ. ಬೀಸುವಾಗ ಹುಟ್ಟುವ ವಿದ್ಯುತ್ತಿನ ಕಾಟ ಇದು. ಇದಕ್ಕೆ ಚಮಚದ ಹಿಡಿಯನ್ನು ನೀರಿಗೆ ಅದ್ದಿ, ಬೀಸುವ ಮೊದಲು ಬೀಜವನ್ನು ಅದರಿಂದ ಕಲಕಿಬಿಡುವುದು ಹಳೆಯ ಉಪಾಯ. ಹೆಂಡನ್ ತಂಡವೇ 2023ರಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿನ ವಿದ್ಯುತ್ತನ್ನು ಓದುವ ವಿಜ್ಞಾನಿಯೊಬ್ಬರನ್ನು ಜೊತೆ ಸೇರಿಸಿಕೊಂಡು, ಈ ಹನಿನೀರು ನಿಜಕ್ಕೂ ಕೆಲಸ ಮಾಡುತ್ತದೆ ಎಂದು ಅಳೆದು ತೋರಿಸಿತು. ಮಳೆ ಹಿಡಿದ ಮೇಲೆ ಈ ತಂಟೆ ಇಳಿಯುತ್ತದೆ. ಆದರೆ ಬೀಜ ತೇವ ಎಳೆದುಕೊಂಡು, ಬೇಸಿಗೆಯ ಹದ ಆಷಾಢಕ್ಕೆ ಹೊಂದದೇ ಹೋಗಬಹುದು. ಮತ್ತೆ ಒಂದೆರಡು ಟಿಕ್.

ಗ್ರೈಂಡರನ್ನು ತೊಳೆಯಬಾರದು, ಒಣ ಬ್ರಷ್ಷಿನಲ್ಲಿ ಗುಡಿಸಬೇಕು. ಮಿಕ್ಸಿ ಜಾರಿಗೆ ಮಾಡುವಂತೆ ಒಂದು ಹಿಡಿ ಅಕ್ಕಿ ಹಾಕಿ ‘ಕ್ಲೀನ್’ ಮಾಡಲು ಹೋಗಬೇಡಿ. ಹಸಿ ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ, ಮೋಟಾರು ಕಚ್ಚಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮನೆಯವರದು. ‘ಚೆನ್ನಾಗಿ ಬೀಸ್ತೈತಲ್ಲ’ ಎಂದು ಯಾರಾದರೂ ಒಂದು ಸಲ ಮೆಣಸೋ ಏಲಕ್ಕಿಯೋ ಹಾಕಿದರೆಂದರೆ ಮುಂದಿನ ತಿಂಗಳಿಡೀ ಎಸ್ಪ್ರೆಸ್ಸೊದಲ್ಲಿ ಕಷಾಯದ ವಾಸನೆ. ಮಿಷನ್ನಿಗೆ ಬೋರಿನ ನೀರನ್ನೂ ಹಾಗೇ ಹಾಕಬೇಡಿ. ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ, ರುಚಿಯೂ ಮಂಕಾಗುತ್ತದೆ. ಶುದ್ಧ ನೀರಿನ ಘಟಕದ ನೀರಿಗೆ ಸ್ವಲ್ಪ ನಲ್ಲಿ ನೀರು ಬೆರೆಸಿಕೊಂಡರೆ ಹದ ಸಿಗುತ್ತದೆ. ಕಾಫಿಗೆ ತೀರಾ ಬೋಳು ನೀರೂ ಆಗುವುದಿಲ್ಲ.

ಕೊನೆಗೆ, ಗ್ರೈಂಡರ್ ಆರಿಸುವಾಗ ಮನೆಗೆ ಎಷ್ಟು ಜನ ಬಂದು ಹೋಗುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಡಿಕೆ ಕೊಯ್ಲಿನ ಹೊತ್ತಿಗೋ ಮದುವೆ ಮಾತುಕತೆಗೋ ಎಂಟು ಜನ ಒಟ್ಟಿಗೆ ಬಂದು ಜಗಲಿಯಲ್ಲಿ ಕೂತರೆ, ಒಂದೊಂದೇ ಲೋಟಕ್ಕೆ ಬೀಸಿ, ತೂಗಿ, ಒತ್ತಿ ಇಳಿಸುವಷ್ಟರಲ್ಲಿ ಮೊದಲಿನವರು ಲೋಟ ಖಾಲಿ ಮಾಡಿ ಎರಡನೇ ಸುತ್ತು ಕೇಳುತ್ತಿರುತ್ತಾರೆ. ಆ ದಿನಕ್ಕೆ ಗ್ರೈಂಡರನ್ನು ಫಿಲ್ಟರ್ ಹದಕ್ಕೆ ಸಡಿಲಿಸಿ, ದೊಡ್ಡ ಫಿಲ್ಟರಿಗೆ ಹಿಂದಿನ ರಾತ್ರಿಯೇ ಪುಡಿ ಹಾಕಿಡುವುದು ಜಾಣತನ. ಎಸ್ಪ್ರೆಸ್ಸೊದಿಂದ ಫಿಲ್ಟರಿಗೆ, ಫಿಲ್ಟರಿನಿಂದ ಎಸ್ಪ್ರೆಸ್ಸೊಗೆ ಹೋಗಿಬರಲು ಅಂಕಿ ಬರೆದ ಚಕ್ರ ಇರುವ ಗ್ರೈಂಡರ್ ಅನುಕೂಲ. ಗುರುತಿಲ್ಲದೆ ನುಣ್ಣಗೆ ತಿರುಗುವಂಥದ್ದಾದರೆ ಪ್ರತಿ ಸಲವೂ ಹದ ಹುಡುಕುವುದರಲ್ಲೇ ಎರಡು–ಮೂರು ಲೋಟದಷ್ಟು ಬೀಜ ವ್ಯರ್ಥ. ಕೊಳ್ಳುವಾಗ ಅಂಗಡಿಯಲ್ಲೇ ಚಕ್ರ ತಿರುವಿ ನೋಡಿ. ಮನೆಯಲ್ಲಿ ಹದ ಸಿಕ್ಕ ಮೇಲೆ ಎಸ್ಪ್ರೆಸ್ಸೊ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಗ್ರೈಂಡರಿಗೇ ಅಂಟಿಸಿಬಿಡಿ.